ವಾತ ಪ್ರಕೃತಿಗೆ ಮೆಂತ್ಯ: ಕಾಳೋ, ಪುಡಿಯೋ, ಸೊಪ್ಪೋ? ಎಷ್ಟು, ಯಾವುದರ ಜೊತೆ?

ಜಗಳೂರು ಬಯಲು:
ವಾತಕ್ಕೆ ಮೆಂತ್ಯ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ. ಕಹಿ ರುಚಿ ವಾತ ಕೆರಳಿಸುತ್ತೆ ಅಂತಲೂ ಅದೇ ಆಯುರ್ವೇದ ಹೇಳುತ್ತೆ. ಎರಡೂ ಒಟ್ಟಿಗೆ ಹೆಂಗೆ ಸರಿಯಾಗುತ್ತೆ? ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಊಟ ಮೊದಲೇ ಒಣ. ಮಧ್ಯಾಹ್ನ ಜೋಳದ ರೊಟ್ಟಿ, ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ. ಅದರ ಮೇಲೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಮೆಂತ್ಯದ ಪುಡಿ ಬಾಯಿಗೆ ಹಾಕ್ಕೊಂಡು ನೀರು ಕುಡಿಯೋರು ಬಹಳ ಜನ ಇದ್ದಾರೆ. ಅವರಲ್ಲೇ ಹೊಟ್ಟೆ ಉಬ್ಬರ ಜಾಸ್ತಿ ಆಯ್ತು ಅನ್ನೋರೂ ಇದ್ದಾರೆ. ತಿಳಿದವರು ಪ್ರಮಾಣ, ವಿಧಾನ ಸಮೇತ ಹೇಳಿ. ‘ವೈದ್ಯರನ್ನ ಕೇಳಿ’ ಅಂತ ಒಂದೇ ಸಾಲು ಬರೆದು ಹೋಗಬೇಡಿ ದಯವಿಟ್ಟು.

ಮೂಲಿಕೆ ದುರ್ಗ:
ಒಳ್ಳೆ ಪ್ರಶ್ನೆ ಸರ್. ಆಯುರ್ವೇದ ದ್ರವ್ಯವನ್ನು ರುಚಿಯೊಂದರಿಂದಲೇ ಅಳೆಯುವುದಿಲ್ಲ. ಗುಣ, ವೀರ್ಯ (ದೇಹಕ್ಕೆ ಉಷ್ಣವೋ ಶೀತವೋ ಅನ್ನುವುದು), ವಿಪಾಕ (ಜೀರ್ಣವಾದ ಮೇಲೆ ಉಳಿಯುವ ರುಚಿ) ಮೂರನ್ನೂ ಸೇರಿಸಿ ನೋಡಬೇಕು. ವಾತ, ಪಿತ್ತ, ಕಫ ಎಂಬ ಮೂರು ದೋಷಗಳಲ್ಲಿ ವಾತದ ಸ್ವಭಾವ ರೂಕ್ಷ, ಲಘು, ಶೀತ, ಖರ, ಚಲ. ಅಂದರೆ ಒಣ, ಹಗುರ, ತಣ್ಣಗೆ, ಒರಟು, ನಿಲ್ಲದ್ದು. ಮೆಂತ್ಯದ ಕಾಳು ಉಷ್ಣ ವೀರ್ಯ, ಅದರಲ್ಲಿ ಸ್ನಿಗ್ಧ, ಅಂದರೆ ಜಿಡ್ಡಿನ ಗುಣ ಇದೆ. ಹಾಗಾಗಿ ಶೀತಕ್ಕೂ ರೂಕ್ಷಕ್ಕೂ ಎದುರು ನಿಲ್ಲುತ್ತದೆ. ಆಯುರ್ವೇದ ಗ್ರಂಥವಾದ ಭಾವಪ್ರಕಾಶ ನಿಘಂಟು ಮೆಂತ್ಯವನ್ನು ‘ವಾತಶಮನೀ’ ಎಂದು ನೇರವಾಗಿ ಕರೆದು, ಕಫವನ್ನೂ ತೆಗೆಯುತ್ತದೆ ಎನ್ನುತ್ತದೆ. ಕಾಡು ಮೆಂತ್ಯದ ಗುಣ ಇದಕ್ಕಿಂತ ಕಡಿಮೆ, ಆದರೆ ಕುದುರೆಗಳಿಗೆ ಬಹಳ ಒಳ್ಳೆಯದು ಎಂದೂ ಅಲ್ಲೇ ಇದೆ.

ಆದರೆ ಮೆಂತ್ಯದ ರುಚಿ ಕಹಿ ಖಾರ, ವಿಪಾಕ ಖಾರ, ಜೊತೆಗೆ ಲಘು. ಈ ಭಾಗ ವಾತಕ್ಕೆ ಅನುಕೂಲವಲ್ಲ. ಆದ್ದರಿಂದ ಮೆಂತ್ಯ ವಾತವನ್ನು ಇಳಿಸುತ್ತದೋ ಏರಿಸುತ್ತದೋ ಅನ್ನುವುದು ನಾವು ಅದಕ್ಕೆ ಜೊತೆ ಕೊಡುವ ಪದಾರ್ಥದ ಮೇಲೆ ನಿಂತಿದೆ. ತುಪ್ಪ ಅಥವಾ ಎಳ್ಳೆಣ್ಣೆ, ಬಿಸಿ, ಸಿಹಿ ಈ ಮೂರು ಸೇರಿದರೆ ಕಹಿಯ ಒಣತನ ತಗ್ಗಿ ಉಷ್ಣ, ಸ್ನಿಗ್ಧ ಗುಣಗಳು ಕೆಲಸ ಮಾಡುತ್ತವೆ. ಒಣ ಪುಡಿಯನ್ನು ತಣ್ಣೀರಿನ ಜೊತೆ ನುಂಗಿದರೆ ಉಳಿಯುವುದು ಒಣತನ ಮತ್ತು ಕಹಿ.

ಇನ್ನೊಂದು ವಿಷಯ. ‘ವಾತ ಪ್ರಕೃತಿ’ ಬೇರೆ, ‘ವಾತ ಕೆರಳಿರುವುದು’ ಬೇರೆ. ಸಣಕಲು ಮೈಕಟ್ಟು, ಒಣ ಚರ್ಮ, ಚುರುಕು ಮಾತು ಇರುವವರೆಲ್ಲ ದಿನಾ ಔಷಧದ ಹಾಗೆ ಮೆಂತ್ಯ ತಿನ್ನಬೇಕಾಗಿಲ್ಲ. ಮಲ ಗಟ್ಟಿಯಾಗಿ ಕಷ್ಟದಿಂದ ಹೋಗುವುದು, ಸಂಜೆ ಹೊತ್ತಿಗೆ ಹೊಟ್ಟೆ ಉಬ್ಬುವುದು, ಕೀಲಿನಲ್ಲಿ ಲಟಲಟ ಸದ್ದು, ಸೊಂಟದ ಹಿಡಿತ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತದಿರುವುದು, ಇವು ಕಾಣಿಸಿಕೊಂಡಾಗ ಕೆಲವು ವಾರ ಬಳಸಿ ನಿಲ್ಲಿಸುವುದು ಸರಿ. ವಾತದ ಜೊತೆ ಕಫ ಸೇರಿದವರಿಗೆ, ಅಂದರೆ ಜಡತೆ, ಊತ, ಬೆಳಗಿನ ಬಿಗಿತ ಇರುವವರಿಗೆ ಮೆಂತ್ಯ ಚೆನ್ನಾಗಿ ಒಗ್ಗುತ್ತದೆ. ತೀರಾ ಒಣಗಿದ ದೇಹದವರಿಗೆ ಮುಖ್ಯ ಚಿಕಿತ್ಸೆ ತುಪ್ಪ, ಎಣ್ಣೆ ಅಭ್ಯಂಗ, ಹೊತ್ತಿಗೆ ಸರಿಯಾದ ಬಿಸಿ ಊಟ. ಮೆಂತ್ಯ ಅಲ್ಲಿ ಸಹಾಯಕ ಅಷ್ಟೆ.

ವಿದ್ಯಾನಗರ ಅಡುಗೆಮನೆ:
ಪುಡಿ ನುಂಗಿದರೆ ಯಾಕೆ ಉಬ್ಬುತ್ತೆ ಅನ್ನೋದಕ್ಕೆ ಅಡುಗೆಮನೆ ಕಡೆಯಿಂದ ಉತ್ತರ. ಮೆಂತ್ಯದ ಕಾಳಿನಲ್ಲಿ ಲೋಳೆ ನಾರು ಬಹಳ. ಅದಕ್ಕೆ ಗ್ಯಾಲಕ್ಟೋಮನ್ನನ್ ಅಂತ ಹೆಸರು. ನೀರು ಸಿಕ್ಕ ಕೂಡಲೇ ಹೀರಿಕೊಂಡು ಹಲವು ಪಟ್ಟು ಊದಿಕೊಳ್ಳುತ್ತೆ. ಹೊರಗೇ ನೆನೆಸಿದರೆ ಆ ಊದುವ ಕೆಲಸ ಲೋಟದಲ್ಲೇ ಮುಗಿಯುತ್ತೆ. ಒಣ ಪುಡಿ ನುಂಗಿದರೆ ಹೊಟ್ಟೆಯೊಳಗಿನ ನೀರು ಹೀರುತ್ತೆ. ಮೇಲೆ ಅರ್ಧ ಲೋಟ ನೀರಷ್ಟೇ ಕುಡಿದರೆ ಮಲ ಇನ್ನೂ ಗಟ್ಟಿ. ದೊಡ್ಡ ಕರುಳಿಗೆ ಹೋದ ಮೇಲೆ ಅದೇ ನಾರು ಹುದುಗಿ ಗಾಳಿ ಮಾಡುತ್ತೆ. ನಾರು ತಿಂದು ರೂಢಿ ಇಲ್ಲದವರು ಮೊದಲ ದಿನವೇ ದೊಡ್ಡ ಚಮಚ ತಗೊಂಡರೆ ಉಬ್ಬರ ಬಂದೇ ಬರುತ್ತೆ. ವಯಸ್ಸಾದವರಿಗೆ ಒಣ ಪುಡಿ ಗಂಟಲಲ್ಲಿ ಅಂಟಿ ಉಸಿರು ಕಟ್ಟಿಸುವ ಅಪಾಯವೂ ಇದೆ, ಅವರಿಗಂತೂ ಕೊಡಲೇಬೇಡಿ.

ನೆನೆಸುವ ಕ್ರಮ ಹೀಗೆ. ಒಂದು ಸಮ ಟೀ ಚಮಚ ಕಾಳು ಸುಮಾರು 4 ಗ್ರಾಂ ತೂಗುತ್ತೆ. ಗೋಪುರ ಮಾಡಿ ತುಂಬಿದರೆ ಲೆಕ್ಕ ತಪ್ಪುತ್ತೆ, ಸಮ ಮಾಡಿ. ಮೊದಲ 4 ದಿನ ಕಾಲು ಚಮಚ, ಆಮೇಲೆ 4 ದಿನ ಅರ್ಧ ಚಮಚ, ಹೊಂದಿದರೆ ಒಂದು ಚಮಚ. ಕಾಳನ್ನು ಎರಡು ಸಲ ತೊಳೆದು 150 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ 8 ಗಂಟೆ ಕಾಲ ನೆನೆಸಿ, ಮುಚ್ಚಿಡಿ. ಫ್ರಿಜ್ಜಿನಲ್ಲಿ ಬೇಡ. ಬೆಳಿಗ್ಗೆ ನೀರು ಸಮೇತ 3–4 ನಿಮಿಷ ಕುದಿಸಿ, ಅರ್ಧ ಚಮಚ ತುಪ್ಪ ಹಾಕಿ, ಬೆಚ್ಚಗಿರುವಾಗ ಕಾಳನ್ನು ಅಗಿದು ತಿಂದು ಲೋಳೆ ನೀರು ಕುಡಿಯಬೇಕು. ಕಾಳು ಬಿಸಾಡಿ ಬರೀ ನೀರು ಕುಡಿಯೋರಿಗೆ ನಾರು ಹೆಚ್ಚು ಸಿಗಲ್ಲ. ಅರ್ಧ ಗಂಟೆ ಬಿಟ್ಟು ಇನ್ನೊಂದು ಲೋಟ ಬಿಸಿನೀರು ಕುಡಿಯಿರಿ. ಬೇಸಿಗೆಯಲ್ಲಿ ದಾವಣಗೆರೆ ಸೆಕೆಗೆ ನೆನೆಸಿದ ನೀರು ಬೇಗ ಹುಳಿ ವಾಸನೆ ಬರುತ್ತೆ. ಆಗ 5–6 ಗಂಟೆ ನೆನೆಸಿದರೆ ಸಾಕು, ನೊರೆ ಬಂದಿದ್ದರೆ ಚೆಲ್ಲಿಬಿಡಿ.

ಮೊಳಕೆ ಕಟ್ಟಿದರೆ ಕಹಿ ಕಡಿಮೆ ಆಗುತ್ತೆ, ನಿಜ. ಆದರೆ ವಾತದವರು ಹಸಿ ಮೊಳಕೆ ತಿನ್ನಬಾರದು. ಎಣ್ಣೆ, ಬೆಳ್ಳುಳ್ಳಿ, ಇಂಗು ಹಾಕಿ ಮೆತ್ತಗೆ ಬೇಯಿಸಿ ತಿನ್ನಿ.

ಜಗಳೂರು ಬಯಲು:
ಅಕ್ಕ, ಹುರಿದು ಪುಡಿ ಮಾಡಿ ಇಟ್ಟುಕೊಂಡರೆ ನಡೆಯಲ್ವಾ? ದಿನಾ ನೆನೆಸೋಕೆ ಎಲ್ಲರ ಕೈಲಿ ಆಗಲ್ಲ. ಜೇನುತುಪ್ಪದ ಜೊತೆ ತಗೊಳ್ಳಿ ಅಂತಲೂ ಹೇಳ್ತಾರೆ.

ವಿದ್ಯಾನಗರ ಅಡುಗೆಮನೆ:
ನಡೆಯುತ್ತೆ, ಆದರೆ ಹುರಿಯೋದರಲ್ಲೇ ಅರ್ಧ ಜನ ಕೆಡಿಸ್ತಾರೆ. 100 ಗ್ರಾಂ ಕಾಳು, ದಪ್ಪ ತಳದ ಬಾಣಲೆ, ಸಣ್ಣ ಉರಿ, ಬಿಡದೆ ಕೈಯಾಡಿಸಿ. ಐದಾರು ನಿಮಿಷಕ್ಕೆ ಹಸಿ ವಾಸನೆ ಹೋಗಿ ಘಮ ಬರುತ್ತೆ, ಕಾಳು ಹಳದಿಯಿಂದ ಹೊಂಬಣ್ಣಕ್ಕೆ ತಿರುಗುತ್ತೆ. ಅಲ್ಲಿಗೆ ನಿಲ್ಲಿಸಿ ತಕ್ಷಣ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಕೆಂಪು ದಾಟಿ ಕಂದು ಆಗುತ್ತೆ. ಕಂದು ಕಾಳಿನ ಪುಡಿ ಗಂಟಲಿನ ತನಕ ಕಹಿ, ಲೋಳೆಯೂ ಕಡಿಮೆ, ವಾತಕ್ಕೆ ಬೇಡದ ಒಣತನ ಅದರಲ್ಲೇ ಹೆಚ್ಚು. ಒಗ್ಗರಣೆಯಲ್ಲೂ ಇದೇ ಮಾತು. ಮೆಂತ್ಯ ಕಪ್ಪಾದರೆ ಆ ಒಗ್ಗರಣೆ ಚೆಲ್ಲಿ ಹೊಸದು ಮಾಡೋದೇ ಸರಿ.

ಪುಡಿಯನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಇಟ್ಟು ತಿಂಗಳೊಳಗೆ ಮುಗಿಸಿ. ಅರ್ಧ ಚಮಚ ಪುಡಿಗೆ ಒಂದು ಚಮಚ ಬಿಸಿ ತುಪ್ಪ, ಸ್ವಲ್ಪ ಬೆಲ್ಲ ಹಾಕಿ ಕಲಸಿ ಬಿಸಿ ಅನ್ನದ ಮೊದಲ ತುತ್ತಿಗೆ ತಿನ್ನಿ. ಖಾಲಿ ಹೊಟ್ಟೆಗೆ ಪುಡಿ ತಿನ್ನೋದಕ್ಕಿಂತ ಇದೇ ವಾತದವರಿಗೆ ಹಿತ. ಜೇನುತುಪ್ಪದ್ದು ಮೂಲಿಕೆ ದುರ್ಗದವರೇ ಹೇಳಲಿ.

ಮೂಲಿಕೆ ದುರ್ಗ:
ಜೇನು ರೂಕ್ಷ, ಕಫಕ್ಕೆ ಒಳ್ಳೆಯ ಅನುಪಾನ (ಔಷಧದ ಜೊತೆ ತೆಗೆದುಕೊಳ್ಳುವ ಪದಾರ್ಥ). ಮೈ ಇಳಿಸಬೇಕೆನ್ನುವ ಕಫದವರಿಗೆ ಹೇಳಿದ್ದನ್ನು ವಾತದವರೂ ಎತ್ತಿಕೊಂಡಿದ್ದಾರೆ. ವಾತಕ್ಕೆ ಅನುಪಾನ ಸ್ನಿಗ್ಧವಾಗಿ ಬಿಸಿಯಾಗಿರಬೇಕು. ತುಪ್ಪ, ಬಿಸಿ ಹಾಲು, ಬಿಸಿನೀರು, ಬೆಲ್ಲ. ಜೇನನ್ನು ಬಿಸಿನೀರಿಗೆ ಬೆರೆಸಬಾರದು ಎನ್ನುವ ನಿಯಮವೂ ಇರುವುದರಿಂದ ಈ ಜೋಡಿ ಹೊಂದುವುದಿಲ್ಲ.

ಪ್ರಮಾಣದ ಬಗ್ಗೆ ಒಂದು ಮಾತು. ಮೆಂತ್ಯದ ಪುಡಿಗೆ ಔಷಧ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ವಾತ ಪ್ರಕೃತಿಯವರ ಜಠರಾಗ್ನಿ ವಿಷಮ, ಒಂದು ದಿನ ಹಸಿವು ಜೋರು, ಮರುದಿನ ಇಲ್ಲವೇ ಇಲ್ಲ. ಅವರು 3 ಗ್ರಾಂ ಹತ್ತಿರವೇ ಇದ್ದು, 4 ಗ್ರಾಂ ದಾಟದಿರುವುದು ಕ್ಷೇಮ.

ಹರಿಹರ ಹೊಳೆದಂಡೆ:
ಔಷಧಿ ತಗೊಳ್ಳೋರ ವಿಷಯ ಯಾರೂ ಎತ್ತಿಲ್ಲ, ಅದು ಮುಖ್ಯ. ಸಕ್ಕರೆ ಕಾಯಿಲೆ ಮಾತ್ರೆ ಅಥವಾ ಇನ್ಸುಲಿನ್ ಮೇಲೆ ಇರೋರಿಗೆ ಮೆಂತ್ಯ ಸೇರಿದರೆ ಸಕ್ಕರೆ ಮಟ್ಟ ಇನ್ನೂ ಇಳೀಬಹುದು. ಬೆವರು, ನಡುಕ, ತಲೆಸುತ್ತು ಬಂದರೆ ‘ವಾತ ಏರಿದೆ’ ಅಂದುಕೊಂಡು ಕೂತುಬಿಡಬಾರದು. ತಕ್ಷಣ ಸಕ್ಕರೆ ಪರೀಕ್ಷೆ ಮಾಡಿ, ಕಡಿಮೆ ಇದ್ದರೆ ಸಿಹಿ ಕೊಡಬೇಕು. ವಾರ್ಫರಿನ್ ತರಹದ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳೋರು ಔಷಧ ಪ್ರಮಾಣದಲ್ಲಿ ಮೆಂತ್ಯ ತಿನ್ನೋದು ಬೇಡ, ರಕ್ತಸ್ರಾವದ ಅಪಾಯ ಹೆಚ್ಚಬಹುದು. ಶಸ್ತ್ರಚಿಕಿತ್ಸೆ ದಿನ ಗೊತ್ತಾಗಿದ್ದರೆ 2 ವಾರ ಮೊದಲೇ ನಿಲ್ಲಿಸಿ, ವೈದ್ಯರಿಗೂ ಹೇಳಿ.

ಲೋಳೆ ಬೇರೆ ಮಾತ್ರೆಗಳನ್ನೂ ಸುತ್ತಿಕೊಂಡು ಅವು ರಕ್ತಕ್ಕೆ ಸೇರೋದು ತಡ ಆಗಬಹುದು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳೋರು ಅದೇ ಹೊತ್ತಿಗೆ ಮೆಂತ್ಯದ ನೀರು ಕುಡಿಯಬಾರದು, ಮೆಂತ್ಯವನ್ನ ಸಂಜೆಗೆ ಹಾಕಿಕೊಳ್ಳಿ. ಬೇರೆ ಮಾತ್ರೆಗಳಿಗೂ ಕನಿಷ್ಠ 2 ಗಂಟೆ ಅಂತರ ಇರಲಿ.

ಗರ್ಭಿಣಿಯರು ಅಡುಗೆಯಲ್ಲಿ ಬೀಳೋ ನಾಲ್ಕು ಕಾಳಿಗೆ ಹೆದರಬೇಕಿಲ್ಲ. ಚಮಚಗಟ್ಟಲೆ ತಿನ್ನಬಾರದು, ಗರ್ಭಕೋಶವನ್ನ ಪ್ರಚೋದಿಸುವ ಗುಣ ಇದೆ. ಶೇಂಗಾ ಅಥವಾ ಕಡಲೆ ತಿಂದರೆ ಅಲರ್ಜಿ ಆಗೋರಿಗೆ ಮೆಂತ್ಯವೂ ಆಗದಿರಬಹುದು, ಮೂರೂ ಒಂದೇ ಕುಟುಂಬದ ಬೆಳೆ. ಬೆವರು, ಮೂತ್ರದಲ್ಲಿ ಸಿಹಿ ಪಾಕದಂಥ ವಾಸನೆ ಬರೋದು ಮಾತ್ರ ಸಹಜ, ಗಾಬರಿ ಬೇಡ.

ಹೊಸದುರ್ಗ ತೋಟ:
ವಾಟ್ಸಾಪ್‌ನಲ್ಲಿ ಮೆಂತ್ಯ, ಓಮ, ‘ಕಾಲಿ ಜೀರಿ’ ಮೂರು ಪುಡಿ ಮಿಶ್ರಣ ಸುತ್ತಾಡ್ತಾ ಇದೆ, ಎಲ್ಲಾ ವಾತಕ್ಕೂ ರಾಮಬಾಣ ಅಂತ. ಇದು ಶಾಸ್ತ್ರದಲ್ಲಿ ಇರೋದೇನಾ?

ಮೂಲಿಕೆ ದುರ್ಗ:
ಅದೇ ಅಲ್ಲ ಸರ್. ಭಾವಪ್ರಕಾಶದಲ್ಲಿ ಇರುವುದು ಚತುರ್ಬೀಜ: ಮೆಂತ್ಯ, ಅಳ್ವಿ ಬೀಜ, ಕಾಲಾಜಾಜಿ, ಓಮ. ಈ ನಾಲ್ಕರ ಪುಡಿ ವಾತರೋಗ, ಅಜೀರ್ಣ, ಹೊಟ್ಟೆನೋವು, ಉಬ್ಬರ, ಪಕ್ಕೆನೋವು, ಸೊಂಟನೋವಿಗೆ ಎಂದು ಹೇಳಿದೆ. ಕಾಲಾಜಾಜಿ ಎಂದು ಬಳಕೆಯಲ್ಲಿರುವುದು ಕೃಷ್ಣ ಜೀರಿಗೆ, ಅಂಗಡಿಯಲ್ಲಿ ಕಲೋಂಜಿ ಎಂದು ಕೇಳಿದರೆ ಕೊಡುವ ಕಪ್ಪು, ಮೂಲೆ ಮೂಲೆಯಾದ ಸಣ್ಣ ಕಾಳು. ಕೆಲವು ವೈದ್ಯರು ಶಾಹಿ ಜೀರಿಗೆ ಹಾಕುತ್ತಾರೆ. ಹಿಂದಿಯ ಕಾಲಿ ಜೀರಿ ಇವೆರಡೂ ಅಲ್ಲ, ಅದು ಕಾಡು ಜೀರಿಗೆ. ಉದ್ದನೆಯ, ಗೀರು ಗೀರಾದ, ತೀಕ್ಷ್ಣ ಕಹಿಯ ಬೀಜ, ಹೊಟ್ಟೆಯ ಹುಳುವಿಗೆ ವೈದ್ಯರು ಅಳೆದು ಕೊಡುವಂಥದ್ದು. ಒಣ ವಾತದವರು ಅದನ್ನು ದಿನಾ ತಿಂದರೆ ಒಣತನ ಏರುತ್ತದೆ, ವಾಂತಿಯೂ ಬರಬಹುದು. ಗ್ರಂಥಿಗೆ ಅಂಗಡಿಗೆ ಹೋದಾಗ ಹೆಸರು ಹೇಳಿ ಸುಮ್ಮನಾಗದೆ ಕಾಳನ್ನು ಅಂಗೈಗೆ ಹಾಕಿಸಿಕೊಂಡು ನೋಡಿ.

ಮನೆಯಲ್ಲಿ ಮಾಡುವುದಾದರೆ ನಾಲ್ಕೂ ಸಮ ಪ್ರಮಾಣ, ತಲಾ 25 ಗ್ರಾಂ. ಬಿಸಿಲಲ್ಲಿ ಒಣಗಿಸಿ, ಓಮವನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಸಾಕು. ಹುರಿದರೆ ಅದರ ಎಣ್ಣೆ ಹಾರಿ ಹೋಗುತ್ತದೆ. ಮೆಂತ್ಯ ಹೊಂಬಣ್ಣಕ್ಕೆ ಹುರಿಯಿರಿ. ನಾಲ್ಕನ್ನೂ ಬೇರೆ ಬೇರೆ ಪುಡಿ ಮಾಡಿ ಆಮೇಲೆ ಬೆರೆಸಿ, ಒಟ್ಟಿಗೆ ಮಿಕ್ಸಿಗೆ ಹಾಕಿದರೆ ಅಳ್ವಿ ಜಿಗುಟಿ ಮೆಂತ್ಯ ತರಿಯಾಗಿಯೇ ಉಳಿಯುತ್ತದೆ. 1ರಿಂದ 2 ಗ್ರಾಂ, ಊಟದ ನಂತರ ಬಿಸಿನೀರಿನಲ್ಲಿ. ಎದೆಯುರಿ, ಬಾಯಿಹುಣ್ಣು, ಉರಿಮೂತ್ರ ಇರುವವರಿಗೆ ಇದು ಬೇಡ. ಗರ್ಭಿಣಿಯರಿಗೂ ಬೇಡ.

ಚಳ್ಳಕೆರೆ ಗಾಣ:
ಹೊರಗೆ ಹಚ್ಚೋದನ್ನೂ ಬರೀತೀನಿ, ವಾತಕ್ಕೆ ಎಣ್ಣೆಯೇ ದೊಡ್ಡ ಮದ್ದು. ನಮ್ಮ ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರುವಾಸಿ, ಅಡುಗೆಗೆ ಅದು ಸರಿ. ಮೈಗೆ ಹಚ್ಚೋಕೆ ಮಾತ್ರ ಗಾಣದ ಎಳ್ಳೆಣ್ಣೆ ತಗೊಳ್ರಿ.

ತೈಲಪಾಕದ (ಔಷಧ ಹಾಕಿ ಎಣ್ಣೆ ಕಾಯಿಸೋದರ) ಸಾಮಾನ್ಯ ಲೆಕ್ಕ ಕಲ್ಕ, ಅಂದ್ರೆ ಅರೆದ ಮೂಲಿಕೆ 1, ಎಣ್ಣೆ 4, ನೀರು 16. ಅಂದ್ರೆ ಮೆಂತ್ಯ 50 ಗ್ರಾಂ, ಎಣ್ಣೆ 200 ಮಿ.ಲೀ., ನೀರು 800 ಮಿ.ಲೀ. ಮೆಂತ್ಯದಲ್ಲಿ ಇರೋ ತೊಂದ್ರೆ ಏನಂದ್ರೆ, ನುಣ್ಣಗೆ ರುಬ್ಬಿ ಹಾಕಿದ್ರೆ ಪಾತ್ರೆ ಪೂರ್ತಿ ಅಂಟಂಟು ಗೋಂದು ಆಗ್ತದೆ, ತಳ ಹಿಡೀತದೆ, ಎಣ್ಣೆಗೆ ಸೀದ ವಾಸನೆ ಬರ್ತದೆ. ಅದಕ್ಕೆ ಮನೆಯಲ್ಲಿ ಮಾಡೋರು 25 ಗ್ರಾಂ ಮಾತ್ರ ಹಾಕ್ರಿ, ಹುರಿದು ತರಿತರಿಯಾಗಿ ಕುಟ್ಟಿದ್ದು. 2 ಲೀಟರ್ ಹಿಡಿಯೋ ದಪ್ಪ ತಳದ ಪಾತ್ರೆ ಬೇಕು, ನೊರೆ ಮೇಲೆ ಬರ್ತದೆ. ಉರಿ ಸಣ್ಣದಿರಲಿ, ಮರದ ಸೌಟಿನಿಂದ ತಳ ಕೆರೀತಾ ಇರ್ರಿ. ನೀರು ಇಂಗಿದಂಗೆ ಚಟಚಟ ಸದ್ದು ಕಡಿಮೆ ಆಗ್ತದೆ. ಮೆಂತ್ಯದ ಗಷ್ಟು ತೆಗೆದು ಬೆರಳಲ್ಲಿ ಹೊಸೆದ್ರೆ ಬತ್ತಿ ಆಗಬೇಕು, ಆ ಬತ್ತಿ ದೀಪಕ್ಕೆ ಹಿಡಿದ್ರೆ ಚಿಟಿಚಿಟಿ ಅನ್ನಬಾರದು. ಆ ಹೊತ್ತಿಗೆ ಎಣ್ಣೆ ಮೇಲೆ ನೊರೆ ಕಾಣ್ತದೆ, ಇಳಿಸಿಬಿಡ್ರಿ. ಬಿಸಿ ಇದ್ದಾಗಲೇ ಒಣ ಬಟ್ಟೆಯಲ್ಲಿ ಸೋಸಬೇಕು, ತಣ್ಣಗಾದ್ರೆ ಲೋಳೆ ಎಣ್ಣೆನ ಹಿಡ್ಕೊಂಡು ಬಿಡಲ್ಲ. ನೀರಿನಂಶ ಉಳಿದ ಎಣ್ಣೆ ಬೇಗ ಮುಗ್ಗಲು ವಾಸನೆ ಬರ್ತದೆ.

ಸೊಂಟ, ಮಂಡಿಗೆ ಬೆಚ್ಚಗೆ ಮಾಡಿ ಹಚ್ಚಿ 10 ನಿಮಿಷ ತಿಕ್ಕಿ, ಅರ್ಧ ಗಂಟೆ ಬಿಟ್ಟು ಬಿಸಿನೀರು ಹಾಕ್ಕೊಳ್ರಿ. ಆಷಾಢದಾಗೆ ದುರ್ಗದ ಗುಡ್ಡದ ಗಾಳಿ ಬೀಸೋ ದಿನಗಳಲ್ಲಿ ಇದು ಬಹಳ ಬೇಕಾಗ್ತದೆ.

ಹೊಸದುರ್ಗ ತೋಟ:
ಮಂಡಿಗೆ ಮೆಂತ್ಯದ ಪಟ್ಟು ಹಾಕಿ ರಾತ್ರಿಯೆಲ್ಲಾ ಬಿಡಬಹುದಾ?

ಮೂಲಿಕೆ ದುರ್ಗ:
ಬೇಡ. ಲೇಪವನ್ನು ರಾತ್ರಿ ಹಾಕಬಾರದು, ಒಣಗಲು ಬಿಡಬಾರದು ಎನ್ನುವುದು ಲೇಪದ ಮೂಲ ನಿಯಮ. ಒಣಗಿದ ಲೇಪ ಚರ್ಮ ಎಳೆದು ನೋವು ಹೆಚ್ಚಿಸುತ್ತದೆ, ಮತ್ತೆ ವಾತವೇ. 2 ಚಮಚ ಪುಡಿಗೆ ಕುದಿಯುವ ನೀರು ಹಾಕಿ ಗಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಒಂದು ಚಮಚ ಎಳ್ಳೆಣ್ಣೆ ಸೇರಿಸಿ, ಕೈಗೆ ತಡೆಯುವಷ್ಟು ಬಿಸಿ ಇರುವಾಗ ಹಚ್ಚಿ. ಒದ್ದೆ ಇರುವಾಗಲೇ, 20 ನಿಮಿಷದ ಒಳಗೆ ತೆಗೆಯಿರಿ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದ್ದರೆ, ಜ್ವರವೂ ಇದ್ದರೆ ಅದು ಬರೀ ವಾತವಲ್ಲ. ಪಟ್ಟು ಹಾಕದೆ ತೋರಿಸಿಕೊಳ್ಳಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಆಯುರ್ವೇದ ಕಾಲೇಜಿನ ಆಸ್ಪತ್ರೆಗಳಿವೆ, ಪ್ರಕೃತಿ ಪರೀಕ್ಷೆಯನ್ನೂ ಅಲ್ಲೇ ಮಾಡಿಸಬಹುದು.

ವಿದ್ಯಾನಗರ ಅಡುಗೆಮನೆ:
ಸೊಪ್ಪಿನ ಬಗ್ಗೆ ಸ್ವಲ್ಪ. ಕಾಳಿನಷ್ಟು ಲೋಳೆ, ಜಿಡ್ಡು ಸೊಪ್ಪಿನಲ್ಲಿ ಇಲ್ಲ. ಹಸಿ ಸೊಪ್ಪಿನ ಪಚಡಿ ರೊಟ್ಟಿ ಜೊತೆ ರುಚಿ, ಆದರೆ ವಾತ ಕೆರಳಿದಾಗ ಹಸಿಯದು ಬೇಡ. ಎರಡು ಬಟ್ಟಲು ಸೊಪ್ಪಿಗೆ ಅರ್ಧ ಬಟ್ಟಲು ಹೆಸರುಬೇಳೆ, 2 ಚಮಚ ಎಣ್ಣೆ, ಬೆಳ್ಳುಳ್ಳಿ 6 ಎಸಳು, ಇಂಗು ಹಾಕಿ ಮೆತ್ತಗೆ ಬೇಯಿಸಿ, ಬಡಿಸುವಾಗ ತುಪ್ಪ. ಕಡಲೆಬೇಳೆ ಹಾಕಿದರೆ ಗಾಳಿ ಜಾಸ್ತಿ. ರೊಟ್ಟಿ ಬಿಸಿಯಾಗಿ, ಬೆಣ್ಣೆ ಹಚ್ಚಿ ತಿನ್ನಿ. ಒಣಗಿದ ಖಡಕ್ ರೊಟ್ಟಿ ಅಲ್ಲ. ಕಸೂರಿ ಮೇಥಿ ಬೇರೆ ಜಾತಿಯ ಗಿಡ, ಘಮಕ್ಕೆ ಸರಿ, ಔಷಧದ ಲೆಕ್ಕಕ್ಕೆ ಹಿಡಿಯಬೇಡಿ.

ವಾತಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೂರುವುದು ಬಾಣಂತಿಯರಿಗೆ ಮಾಡೋ ಮೆಂತ್ಯದ ಉಂಡೆ. ಹೆರಿಗೆ ಆದ ಮೇಲೆ ವಾತ ಏರಿರುತ್ತೆ ಅಂತಲೇ ಇದು ಹುಟ್ಟಿದ್ದು, ಕಹಿ, ಜಿಡ್ಡು, ಸಿಹಿ, ಬಿಸಿ ಎಲ್ಲದರ ಲೆಕ್ಕ ಇದರಲ್ಲಿದೆ. ಮೆಂತ್ಯ 100 ಗ್ರಾಂ ಹೊಂಬಣ್ಣಕ್ಕೆ ಹುರಿದು ಸಣ್ಣ ರವೆ ಹಾಗೆ ಪುಡಿ ಮಾಡಿ, ಕುದಿಯುವ ಹಾಲು 150 ಮಿ.ಲೀ. ಹಾಕಿ 3–4 ಗಂಟೆ ಮುಚ್ಚಿಡಿ. ತುಪ್ಪ 250 ಗ್ರಾಂ ಅಳೆದಿಟ್ಟುಕೊಂಡು ಅದರಲ್ಲೇ ಅಂಟು 50 ಗ್ರಾಂ ಅರಳಿಸಿ ತೆಗೆಯಿರಿ. ಅದೇ ತುಪ್ಪಕ್ಕೆ ನೆನೆದ ಮೆಂತ್ಯ ಹಾಕಿ ಹಾಲಿನ ಪಸೆ ಪೂರ್ತಿ ಆರುವ ತನಕ ಹುರಿಯಿರಿ. ಇಲ್ಲಿ ಅವಸರ ಮಾಡಿದರೆ ಒಂದು ವಾರಕ್ಕೇ ಉಂಡೆಗೆ ಬೂಷ್ಟು ಬರುತ್ತೆ. ಆಮೇಲೆ ಗೋಧಿ ಹಿಟ್ಟು 300 ಗ್ರಾಂ ಹಾಕಿ ಘಮ ಬರುವಷ್ಟು ಹುರಿದು, ಕೊಬ್ಬರಿ ತುರಿ 100 ಗ್ರಾಂ, ಒಣಶುಂಠಿ ಪುಡಿ 20 ಗ್ರಾಂ, ಕುಟ್ಟಿದ ಅಂಟು ಸೇರಿಸಿ. ಬೆಲ್ಲ 400 ಗ್ರಾಂ ಬರೀ ಕರಗಿಸಿ ಬೆರೆಸಬೇಕು, ಪಾಕ ಏರಿದರೆ ಉಂಡೆ ಕಲ್ಲಾಗುತ್ತೆ. 30 ಗ್ರಾಮಿನ ಉಂಡೆ ಕಟ್ಟಿದರೆ ಸುಮಾರು 40 ಆಗುತ್ತವೆ, ಒಂದೊಂದರಲ್ಲಿ ಎರಡೂವರೆ ಗ್ರಾಂ ಮೆಂತ್ಯ. ಬೆಳಿಗ್ಗೆ ಒಂದು, ಮೇಲೆ ಬಿಸಿ ಹಾಲು. ಸಕ್ಕರೆ ಕಾಯಿಲೆ ಇರೋರಿಗೆ ಇದು ಅಲ್ಲ.

ಜಗಳೂರು ಬಯಲು:
ಇಷ್ಟು ವಿವರ ಸಿಕ್ಕಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಕೊನೆಗೆ ಎರಡು: ಏಪ್ರಿಲ್, ಮೇ ಬಿಸಿಲಲ್ಲಿ ಮುಂದುವರಿಸಬಹುದಾ? ಹೊಂದುತ್ತಿಲ್ಲ ಅಂತ ಹೆಂಗೆ ಗೊತ್ತಾಗುತ್ತೆ?

ಮೂಲಿಕೆ ದುರ್ಗ:
ಬೇಸಿಗೆಯಲ್ಲಿ ವಾತ ಒಳಗೆ ಕೂಡಿಕೊಳ್ಳುತ್ತದೆ, ಮಳೆಗಾಲದಲ್ಲಿ ಕೆರಳುತ್ತದೆ. ಮೆಂತ್ಯಕ್ಕೆ ಸರಿಯಾದ ಕಾಲ ಆ ಮಳೆಗಾಲ ಮತ್ತು ಚಳಿಗಾಲ. ಏಪ್ರಿಲ್, ಮೇನಲ್ಲಿ ಉಷ್ಣ ವೀರ್ಯದ ಕಾಳನ್ನು ಒಗ್ಗರಣೆಗೆ ಬೀಳುವಷ್ಟಕ್ಕೆ ಇಳಿಸಿ, ತುಪ್ಪ, ಹಾಲು, ಹೆಸರುಬೇಳೆ ತೊವ್ವೆಯ ಮೇಲೆ ನಿಲ್ಲಿ. ವಾತ ಪಿತ್ತ ಎರಡೂ ಇರುವವರು ಆ ಎರಡು ತಿಂಗಳು ಪೂರ್ತಿ ಬಿಟ್ಟರೂ ನಷ್ಟವಿಲ್ಲ.

ಹೊಂದದಿದ್ದರೆ ಮೊದಲ ವಾರದಲ್ಲೇ ತಿಳಿಯುತ್ತದೆ. ಬಾಯಿ ಒಣಗಿ ಮಲ ಇನ್ನೂ ಗಟ್ಟಿಯಾದರೆ ನೀರು, ತುಪ್ಪ ಸಾಲದು. ಪ್ರಮಾಣ ಅರ್ಧ ಮಾಡಿ ತುಪ್ಪ ಒಂದು ಚಮಚಕ್ಕೆ ಏರಿಸಿ. ಎದೆಯುರಿ, ಹುಳಿತೇಗು, ಅಂಗಾಲು ಉರಿ ಬಂದರೆ ಪಿತ್ತ ಏರಿದೆ, ನಿಲ್ಲಿಸಿ. ಮಲ ತೆಳ್ಳಗಾದರೆ ಪ್ರಮಾಣ ಹೆಚ್ಚಾಗಿದೆ. ಮೈ ಕಡಿತ, ಮುಖ ಊತ, ಉಸಿರು ಬಿಗಿ ಕಂಡರೆ ಅದು ಅಲರ್ಜಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹರಿಹರ ಹೊಳೆದಂಡೆ:
ಒಂದು ಸೇರಿಸ್ತೀನಿ. ತೂಕ ಇಳೀತಾ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಮಲಬದ್ಧತೆ ಇದ್ದಕ್ಕಿದ್ದ ಹಾಗೆ ಹೊಸದಾಗಿ ಶುರುವಾಗಿ 2–3 ವಾರದಲ್ಲಿ ಬಿಡದಿದ್ದರೆ, ಮೆಂತ್ಯ ಬದಲಾಯಿಸ್ತಾ ಕೂರಬೇಡಿ. ಮೊದಲು ಪರೀಕ್ಷೆ ಮಾಡಿಸಿ. ತೋರಿಸೋಕೆ ಹೋದಾಗ ಮೆಂತ್ಯ ಎಷ್ಟು ಗ್ರಾಂ, ಎಷ್ಟು ದಿನದಿಂದ ತಗೊಳ್ತಿದ್ದೀರಿ ಅನ್ನೋದನ್ನ ಚೀಟಿಯಲ್ಲಿ ಬರೆದುಕೊಂಡು ಹೋಗಿ.